ಪೇಟಿ ಮಾಸ್ತರರು ಬಾರಿಸದ ತಿಂಗಳು

ಆಗೆಲ್ಲ ಲಂಡನ್ನಿನ ಅಂಚಿನ ಇಲ್ಫರ್ಡಿನ ನಮ್ಮ ಬೀದಿಗೆ ಚಳಿ ಬಂತೆಂದು ಮೊದಲು ತಿಳಿಯುತ್ತಿದ್ದುದು ಮೂಗಿಗೆ. ಸೀಮೆಎಣ್ಣೆ ಹೀಟರಿನ ವಾಸನೆ, ಬಾಗಿಲ ಹಿಂದೆ ನೇತುಹಾಕಿದ ಒದ್ದೆ ಉಣ್ಣೆ ಕೋಟಿನ ವಾಸನೆ, ಅವುಗಳ ನಡುವೆ ಅಜ್ಜಿ ಹುರಿಯುವ ಶೇಂಗಾದ ಘಮ. ಎಪ್ಪತ್ತರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ಇದು ನೆನಪಿದ್ದೀತು. ನಾವು ಹುಡುಗರು ಚೆಸ್ಟ್‌ನಟ್ ಬೀಜಕ್ಕೆ ತೂತು ಕೊರೆದು ದಾರ ಪೋಣಿಸಿ, ಒಬ್ಬರ ಬೀಜವನ್ನು ಇನ್ನೊಬ್ಬರು ಹೊಡೆದು ಒಡೆಯುವ ಕಾಂಕರ್ ಆಟ ಆಡುತ್ತಿದ್ದೆವು. ಆ ಆಟದಲ್ಲಿ ನನ್ನನ್ನು ಯಾರೂ ಸೋಲಿಸುತ್ತಿರಲಿಲ್ಲ. ಒಡೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಧಾರವಾಡದಿಂದ ಬಂದ ನಾವು ಮಾಳಿಗೆಯಲ್ಲಿದ್ದೆವು. ಕೆಳಗಿನ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಡೀಟರ್ ಎಂಬ ಜರ್ಮನ್ ಗೃಹಸ್ಥರೊಬ್ಬರಿದ್ದರು. ಅವರ ಹತ್ತಿರ ಇದ್ದದ್ದು ಒಂದು ಹಾಸಿಗೆ, ಒಂದು ಪಿಯಾನೊ. ಊರಿನಲ್ಲಿ ಹಾರ್ಮೋನಿಯಂ ಬಾರಿಸುವವರನ್ನು ಕರೆಯುವ ಹಾಗೆಯೇ ಅಜ್ಜಿ ಅವರನ್ನು ಪೇಟಿ ಮಾಸ್ತರ ಎಂದು ಕರೆದಳು. ಅವರು ಬಾರಿಸಲು ಕೂತರೆ ಅವಳು ಅಕ್ಕಿಯ ಮೊರ ಹಿಡಿದುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಮುಗಿದ ಮೇಲೆ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದಳು. ಅವರು ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಪೂರ್ತಿ ತಿನ್ನುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು.

ಅವರ ಜೀವನದ ಕತೆ ಅಡುಗೆಮನೆಯಲ್ಲಿ ಚೂರುಚೂರಾಗಿ ಕೇಳಿದ್ದು. ಹುಡುಗನಾಗಿದ್ದಾಗ ಅವರ ದೇಶದಲ್ಲಿ ಜಾಝ್ ಕೇಳುವುದಕ್ಕೂ ಹೆದರಬೇಕಾಗಿತ್ತಂತೆ. ಕಂಬಳಿಯೊಳಗೆ ರೇಡಿಯೋ ಬಚ್ಚಿಟ್ಟುಕೊಂಡು ಕೇಳಿ, ಮಾರನೆಯ ದಿನ ಊಟದ ಮೇಜಿನ ಮೇಲೆ ಬೆರಳಾಡಿಸುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರ ಕ್ಲಬ್ಬುಗಳಲ್ಲಿ ಬಾರಿಸಿದರು. ಆಮೇಲೆ ಲಂಡನ್. ಇಲ್ಲಿ ಕ್ಲಬ್ಬು, ಪಬ್ಬು, ಮದುವೆ, ಯಾರೋ ಹಾಡುವಾಗ ಹಿಂದೆ ಕೂತು ಬಾರಿಸುವುದು. ಸ್ವಂತ ರಚನೆಗಳು ರಾಶಿಯಿದ್ದವು, ಕೇಳುವವರಿರಲಿಲ್ಲ. ಆ ವರ್ಷ, ಕೂದಲೆಲ್ಲ ಬೆಳ್ಳಗಾದ ಮೇಲೆ, ಜರ್ಮನಿಯಲ್ಲಿನ ಅವರ ಊರಿನ ರೇಡಿಯೋ ಕೇಂದ್ರದವರು ಕರೆದರು. ಚಳಿಗಾಲದ ಹೊತ್ತಿಗೆ ಅವರದೇ ದೀರ್ಘ ರಚನೆಯೊಂದನ್ನು ದೊಡ್ಡ ವಾದ್ಯಮೇಳದೊಂದಿಗೆ ಬಾರಿಸಬೇಕು. ಕೊನೆಯ ಭಾಗವೊಂದು ಬಿಟ್ಟು ಉಳಿದದ್ದೆಲ್ಲ ಬರೆದು ಆಗಿತ್ತು. "ಇದೊಂದು ಆಗಲಿ. ಆಮೇಲೆ ಬೇರೆಯವರ ಹಿಂದೆ ಕೂರುವುದು ಸಾಕು," ಎಂದು ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ.

ಆ ಬೇಸಿಗೆಯಲ್ಲಿ ಅವರು ನನಗೂ ತಂಗಿ ಶಾಂತಾಳಿಗೂ ಪಿಯಾನೊ ಕಲಿಸತೊಡಗಿದ್ದರು. ನನಗೆ ಹನ್ನೊಂದು, ಅವಳಿನ್ನೂ ಸಣ್ಣವಳು. ಶಾಲೆಯಲ್ಲಿ ನನ್ನ ಊಟದ ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗರ ಮುಂದೆ ನಾನು ಪಿಯಾನೊ ಬಾರಿಸುತ್ತೇನೆಂದು ಕೊಚ್ಚಿಕೊಂಡಿದ್ದೆ. ಒಂದು ದಿನ ಡೀಟರ್ ಅಂಕಲ್ ಅಪ್ಪನ ಹತ್ತಿರ, ನಿಮ್ಮ ಮಗನ ಬೆರಳಲ್ಲಿ ಲೆಕ್ಕ ಇದೆ, ಮಗಳ ಬೆರಳಲ್ಲಿ ಹಾಡು ಇದೆ, ಇನ್ನು ಅವಳಿಗೆ ಮಾತ್ರ ಕಲಿಸುತ್ತೇನೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪ ನಕ್ಕು, "ಇವ ಬೀಜ ಒಡೀಲಿಕ್ಕೇ ಹುಟ್ಟ್ಯಾನ ಬಿಡ್ರಿ" ಅಂದ. ಅಂದಿನಿಂದ ಸಂಜೆ ಶಾಂತಾ ಒಳಗೆ, ನಾನು ಬೀದಿಯಲ್ಲಿ. ಕಿಟಕಿಯಿಂದ ಅವಳ ತಪ್ಪು ಸ್ವರಗಳು ಕೇಳುತ್ತಿದ್ದವು. ದಿನದಿಂದ ದಿನಕ್ಕೆ ತಪ್ಪುಗಳು ಕಡಿಮೆಯಾದವು.

ದಸರೆಗೆ ಮುಂಚೆ ಧಾರವಾಡದಿಂದ ತಂತಿ ಬಂತು. ದೊಡ್ಡಪ್ಪ ತೀರಿಕೊಂಡಿದ್ದ, ಅಜ್ಜಿಯ ಹಿರಿಯ ಮಗ. ಇವತ್ತೊಂದು ದಿನ ಬಾರಿಸಬೇಡಿ ಎಂದು ಅಪ್ಪ ಡೀಟರ್ ಅಂಕಲ್ಲಿಗೆ ತಾನೇ ಹೇಳಿದ. ಮಾರನೆಯ ದಿನ ಕರ್ಮಕ್ಕೆಂದು ಊರಿಗೆ ಹೊರಟ. ಅವ್ವನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಇಂಗ್ಲಿಷ್ ಅಷ್ಟಕ್ಕಷ್ಟೆ. ಹೊರಡುವಾಗ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾ ಇಲ್ಲದಾಗ ಮನ್ಯಾಗ ಇಂಗ್ಲಿಷ್ ಬಲ್ಲಾವ ನೀನ. ಅಜ್ಜಿ ಹೇಳಿದ್ದು ಮಾಸ್ತರಿಗೆ ತಿಳಿಸಿ ಹೇಳು" ಅಂದ.

ಮನೆ ಸ್ತಬ್ಧವಾಯಿತು. ದೀಪವಿಲ್ಲ, ಒಗ್ಗರಣೆಯ ಸದ್ದೂ ಇಲ್ಲ. ಕೆಲವು ದಿನಗಳಾದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು.

"ಮಾಸ್ತರಿಗೆ ಹೇಳಪಾ, ಬಾರಸ್ರಿ ಅಂತ. ಸೂತಕ ನಮಗ, ಅವರಿಗೇನದ? ಮನಿ ಹಿಂಗ ಸುಮ್ಮನಾದ್ರ ನನಗ ನಿಮ್ಮ ದೊಡ್ಡಪ್ಪನ ದನೀನ ಕೇಳಸ್ತದ."

ನಾನು ಮೆಟ್ಟಿಲಿಳಿದು ಬಾಗಿಲು ಬಡಿದೆ. ಅವರು ಪೆನ್ಸಿಲ್ ಹಿಡಿದುಕೊಂಡೇ ಬಂದರು. ಅಜ್ಜಿ ಏನಾದರೂ ಹೇಳಿದರೇ ಎಂದು ಕೇಳಿದರು. ಆ ಮುಖದಲ್ಲಿದ್ದ ಆಸೆ ನನಗೆ ಕಂಡಿತ್ತು. ಅದು ಕಂಡದ್ದಕ್ಕೇ ಹಾಗೆ ಹೇಳಿದೆನೋ ಏನೋ.

"ಅಪ್ಪ ವಾಪಸು ಬರುವ ತನಕ ಬಾರಿಸಬಾರದಂತೆ. ನಮ್ಮಲ್ಲಿ ಅದು ಸತ್ತವರಿಗೆ ಅವಮಾನವಂತೆ," ಎಂದೆ.

ಅವರು ಪೆನ್ಸಿಲನ್ನು ಕಿವಿಯ ಹಿಂದಿಟ್ಟುಕೊಂಡರು. ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ. "ಅಜ್ಜಿಗೆ ಹೇಳು, ನನಗೆ ಅರ್ಥವಾಗುತ್ತದೆ ಅಂತ," ಎಂದು ಬಾಗಿಲು ಹಾಕಿಕೊಂಡರು.

ಅಜ್ಜಿಗೆ ನಾನು, ಮಾಸ್ತರರಿಗೆ ಹೇಳಿದೆ, ಆದರೆ ಅವರಿಗೇ ಬಾರಿಸುವ ಮನಸ್ಸಿಲ್ಲವಂತೆ ಅಂದೆ. ಅವಳ ಕಣ್ಣು ತುಂಬಿತು. "ಎಂಥಾ ಮನಶಾ ನೋಡು. ಪರದೇಶದಾಂವ, ನಮ್ಮ ದುಃಖಕ್ಕ ಮರ್ಯಾದಿ ಕೊಡ್ತಾನ."

ಒಂದು ಸುಳ್ಳಿನಿಂದ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಹೆಚ್ಚಾಯಿತು. ಅದನ್ನು ಬಿಡಿಸುವುದು ಇನ್ನೂ ಕಷ್ಟವಾಯಿತು. ಅಜ್ಜಿ ಅಭ್ಯಾಸ ಬಿಡದೆ ಸಂಜೆ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಮುಚ್ಚಿದ ಬಾಗಿಲು ನೋಡುತ್ತ. ಒಮ್ಮೆ ನಾನು ಕೀಲಿಕಿಂಡಿಯಲ್ಲಿ ಇಣುಕಿದೆ. ಅವರು ಪಿಯಾನೊದ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಹತ್ತೂ ಬೆರಳಾಡಿಸುತ್ತಿದ್ದರು, ಹುಡುಗನಾಗಿದ್ದಾಗ ಮಾಡುತ್ತಿದ್ದ ಹಾಗೆ. ಬಾಗಿಲಿನ ಆಚೆ ಅವರು, ಈಚೆ ಅಜ್ಜಿ, ನಡುವೆ ನಾನು. ಒಂದೇ ಒಂದು ಮಾತು ಸಾಕಿತ್ತು.

ಪಬ್ಬಿನ ಪಿಯಾನೊ ಗಿರಾಕಿಗಳ ಹೊತ್ತಿಗೆ ಮಾತ್ರ ಸಿಗುತ್ತಿತ್ತು. ಬಂದದ್ದನ್ನು ಮುಚ್ಚಳದ ಮರದ ಮೇಲೂ ಅಭ್ಯಾಸ ಮಾಡಬಹುದು, ಬಾರದೇ ಇರುವುದನ್ನು ಮರದ ಮೇಲೆ ಹುಡುಕಲಾಗದು ಎಂದು ಒಮ್ಮೆ ಅವ್ವನಿಗೆ ಹೇಳಿದರು. ಅವ್ವನಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು.

ಅಪ್ಪ ಬರುವುದರೊಳಗೇ ಅವರು ಜರ್ಮನಿಗೆ ಹೋಗುವ ದಿನ ಬಂತು. ಕೊನೆಯ ಭಾಗ ಆಗಿರಲಿಲ್ಲ. ಅಲ್ಲಿ ಮುಗಿದಿದ್ದ ಭಾಗಗಳನ್ನಷ್ಟೇ ಬಾರಿಸಿ, ಉಳಿದ ಹೊತ್ತಿಗೆ ಬೇರೆ ಯಾರದೋ ರಚನೆ ತುಂಬಿಸಿದರಂತೆ. ಮತ್ತೆ ಕರೆಯಲಿಲ್ಲ. ವಾಪಸು ಬಂದ ಡೀಟರ್ ಅಂಕಲ್ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಅಜ್ಜಿಗೆ ಬಿಳಿ ಹೂ ತಂದುಕೊಟ್ಟರು. ಚಳಿ ಮುಗಿಯುವ ಮೊದಲೇ ಪಿಯಾನೊ ಮಾರಿ, ಪ್ರವಾಸಿಗಳ ಹಡಗಿನಲ್ಲಿ ಬಾರಿಸುವ ಕೆಲಸ ಹಿಡಿದು ಹೊರಟುಹೋದರು. ಶಾಂತಾ ಆ ಖಾಲಿ ಕೋಣೆಯ ಮೂಲೆಯಲ್ಲಿ ಕೂತು ಅತ್ತಳು. ಆಮೇಲೆ ಯಾವ ವಾದ್ಯವನ್ನೂ ಮುಟ್ಟಲಿಲ್ಲ.

ಅಜ್ಜಿ, ಅಪ್ಪ, ಅವ್ವ ಎಲ್ಲರೂ ಹೋದರು. ಹೈಸ್ಕೂಲು ಮುಗಿಸಿ ಟಿಕೆಟ್ ಕೌಂಟರಿನಲ್ಲಿ ಕೂತ ನಾನು ಲೆಕ್ಕ ಮಾಡಿಯೇ ನಿವೃತ್ತನಾದೆ. ಈಗ ಲಂಡನ್ನಿನ ಇನ್ನೊಂದು ತುದಿಯ ಕೆಂಟನ್ನಿನಲ್ಲಿ ಒಬ್ಬನೇ ಇದ್ದೇನೆ. ಈಚೆಗೆ ಮೊಮ್ಮಗನ ಕೈಲಿ ಅವರ ಹೆಸರು ಹುಡುಕಿಸಿದೆ. ಅವರ ಊರಿನ ಪತ್ರಿಕೆಯ ಹಳೆಯ ನಿಧನವಾರ್ತೆ ಸಿಕ್ಕಿತು. ಮೊಮ್ಮಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದ. ಹಡಗು ಮತ್ತು ಹೋಟೆಲುಗಳಲ್ಲಿ ಪಿಯಾನೊ ಬಾರಿಸುತ್ತಿದ್ದವರು ಎಂದಿತ್ತು. ಸಂಯೋಜಕ ಎಂಬ ಪದ ಎಲ್ಲಾದರೂ ಇದೆಯೇ ಎಂದು ಕೇಳಿದೆ. ಅವನು ಮತ್ತೊಮ್ಮೆ ನೋಡಿದ. "ನೋ, ಅಜ್ಜ."

ಕಳೆದ ತಿಂಗಳು ಸಟನ್ನಿನಲ್ಲಿರುವ ಶಾಂತಾಳ ಮನೆಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಸೆರಗಿನ ಅಂಚು ಮಡಚತೊಡಗಿದಳು.

"ಅಜ್ಜಿ ಹೇಳಿದ್ದು ನಾನೂ ಕೇಳಿದ್ದೆ ಅಣ್ಣಾ. ನೀ ಹೇಳೀದಿ ಅಂತನ ತಿಳ್ಕೊಂಡಿದ್ದೆ. ಹೇಳಿದ್ರೂ ಬಾರಸವಲ್ಲರು, ನನಗೂ ಕಲಸವಲ್ಲರು, ನನ್ನ ಮ್ಯಾಲೇ ಬ್ಯಾಸರಾತು ಅವರಿಗೆ ಅಂದ್ಕೊಂಡೆ. ಇಷ್ಟ ದಿನಾ ಹಂಗ ಅಂದ್ಕೊಂಡೀನಿ." ಆಮೇಲೆ, "ಚಹಾ ಆರ್ತದ, ಕುಡಿ," ಎಂದು ಎದ್ದು ಒಳಗೆ ಹೋದಳು. ತಿರುಗಿ ಬರಲಿಲ್ಲ.

ಕೋಣೆಯ ಮೂಲೆಯಲ್ಲಿ ಅವಳ ಮೊಮ್ಮಗಳು ವಿದ್ಯುತ್ ಪಿಯಾನೊದ ಮುಂದೆ ಕೂತಿದ್ದಳು. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು ಈಗಿನ ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಾರೆ. ಬೆರಳು ಓಡುತ್ತಿದ್ದವು, ಸ್ವರವಿರಲಿಲ್ಲ. ಕೀಲಿಮಣೆಯ ಮೇಲೆ ಟಕಟಕ ಎಂಬ ಒಣ ಸದ್ದು ಮಾತ್ರ.

"ಬಾರಸವಾ, ನಾವೂ ಕೇಳ್ತೀವಿ," ಅಂದೆ.

ಅವಳಿಗೆ ಕೇಳಿಸಲಿಲ್ಲ.