ಎರಡನೇ ಬ್ರೇಕು

ಬ್ರೇಕ್ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಗೆ ನೋಡಿದರೆ ಜೀವಮಾನವೆಲ್ಲ ಅವರು ಮಾಡಿದ್ದು ಕೂರುವ ಕೆಲಸವೇ. ಡ್ರೈವಿಂಗ್ ಶಾಲೆಯ ಕಾರು, ಕಲಿಯುವವರ ಪಕ್ಕದ ಸೀಟು, ಕಾಲ ಕೆಳಗೆ ಮೇಷ್ಟ್ರಿಗೆಂದೇ ಜೋಡಿಸಿದ ಎರಡನೇ ಬ್ರೇಕು. ಕಲಿಯುವವರು ಗೋಡೆಯ ಕಡೆಗೋ ಹಾಲಿನ ಗಾಡಿಯ ಕಡೆಗೋ ನುಗ್ಗಿದಾಗ ಮೇಷ್ಟ್ರು ಬಲಗಾಲು ಒತ್ತುತ್ತಿದ್ದರು, ಕಾರು ನಿಲ್ಲುತ್ತಿತ್ತು. ಆಮೇಲೆ ಬೈಗುಳ ಶುರುವಾಗುತ್ತಿತ್ತು.

ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಕೆಲಸ ಬಿಟ್ಟರೂ ಕಾಲು ಚಾಳಿ ಬಿಡಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿಗೆ ಒತ್ತುತ್ತಿತ್ತು, ಟಿವಿಯಲ್ಲಿ ಕಾರು ಓಡಿದರೆ ಟೀಪಾಯಿಗೆ ಒತ್ತುತ್ತಿತ್ತು, ನಿದ್ದೆಯಲ್ಲಿ ಹೆಂಡತಿಗೆ ಒತ್ತುತ್ತಿತ್ತು. ಆಕೆ ಮಂಚದ ಅಂಚಿಗೆ ಸರಿದು ಮಲಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ದಿನ ಮೇಷ್ಟ್ರು ತಮ್ಮ ಹಳೆಯ ಕಾರನ್ನು ನೋಡಿಬರೋಣವೆಂದು ಗ್ಯಾರೇಜಿಗೆ ಹೋದರು. ಶಾಲೆಯವರು ಅದನ್ನು ಮಾರಿಬಿಟ್ಟಿದ್ದರು. ಕೊಂಡವನಿಗೆ ಎರಡೆರಡು ಬ್ರೇಕು ಬೇಕಿರಲಿಲ್ಲ. ಮೆಕ್ಯಾನಿಕ್ ಎರಡನೆಯದನ್ನು ಕಿತ್ತು ಗುಜರಿಗೆ ಹಾಕಿಯಾಗಿತ್ತು.

"ಅಷ್ಟು ವರ್ಷ ಒತ್ತಿದ ಪೆಡಲ್ ಕಣಯ್ಯಾ, ನನಗಾದ್ರೂ ಕೊಡ್ಬಾರ್ದಿತ್ತಾ?"

"ಅದನ್ನ ಇಟ್ಕೊಂಡು ನೀವೇನ್ ಮಾಡ್ತೀರಾ ಮೇಷ್ಟ್ರೇ?" ಎಂದ ಮೆಕ್ಯಾನಿಕ್. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಅಂದಿನಿಂದ ಮೇಷ್ಟ್ರ ತಲೆಗೆ ಹುಳ ಹೊಕ್ಕಿತು. ನಾನು ಹೋದ ಮೇಲೆ ನನ್ನದು ಅಂತ ಏನು ಉಳಿಯುತ್ತದೆ?

ಪಕ್ಕದ ಮನೆಯ ಬಡಗಿ ಈ ಹುಳಕ್ಕೆ ಮೇವು ಹಾಕಿದ. ಅವನ ಜೊತೆ ಬೀದಿಯಲ್ಲಿ ನಡೆಯುವುದೇ ಒಂದು ಹಿಂಸೆ. "ಆ ಬಾಗಿಲು ನಂದು. ಈ ಕಿಟಕಿ ನಂದು. ಆ ಮೆಟ್ಟಿಲಿನ ಹಿಡಿ ನೋಡಿ, ಇನ್ನೂ ಅಲ್ಲಾಡಿಲ್ಲ," ಎಂದು ಎರಡೂ ಕಡೆ ಕೈ ತೋರಿಸುತ್ತಾ ಸಾಗುತ್ತಾನೆ. ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿತ್ತು. ತಾವು ಏನು ತೋರಿಸುವುದು? ಅವರ ಕೆಲಸ ಚೆನ್ನಾಗಿ ನಡೆದ ದಿನ ಏನೂ ಆಗುತ್ತಿರಲಿಲ್ಲ. ಆಗದೇ ಹೋದ ಅಪಘಾತವನ್ನು ಯಾವ ಬೀದಿಯಲ್ಲಿ ನಿಂತು ಯಾರಿಗೆ ತೋರಿಸಬೇಕು?

ಮೊದಲು ಒಂದು ಗಿಡ ನೆಟ್ಟರು. ಬೇರು ಹಿಡಿಯಿತೋ ಇಲ್ಲವೋ ನೋಡಲು ಆಗಾಗ ಕಿತ್ತು ನೋಡಿದ್ದರಿಂದ ಅದು ಒಣಗಿತು. ಆಮೇಲೆ ತಮ್ಮ ಜೀವನದ ಕಥೆಯನ್ನು ಮಗಳ ಫೋನಿನಲ್ಲಿ ರೆಕಾರ್ಡ್ ಮಾಡಲು ಕೂತರು. ಕೂತಿದ್ದು ಬೀದಿಗೆ ಮುಖ ಮಾಡಿದ ಬಾಲ್ಕನಿಯಲ್ಲಿ. ಮಗಳು ಕೇಳಿ ನೋಡಿದರೆ, "ನಾನು ಹುಟ್ಟಿದ್ದು..." ಎಂದು ಒಂದು ಸಾಲು, ಆಮೇಲೆ ಉದ್ದಕ್ಕೂ, "ನೋಡು ನೋಡು, ಆ ಪೆದ್ದ ಇಂಡಿಕೇಟರ್ ಹಾಕ್ದೇ ತಿರುಗಿಸ್ತಾನೆ!"

ಮಗಳ ವಿಷಯವಂತೂ ಅವರಿಗೆ ಹಳೆಯ ನೋವು. ಊರಿಗೆಲ್ಲ ಕಲಿಸಿದ ಅಪ್ಪನ ಮಗಳು ಎದುರಿನ ಡ್ರೈವಿಂಗ್ ಶಾಲೆಯಲ್ಲಿ ದುಡ್ಡು ಕೊಟ್ಟು ಕಾರು ಕಲಿತಳು. "ಅಪ್ಪಾ, ನಿಮ್ಮ ಪಕ್ಕ ಕೂತು ಓಡ್ಸೋಕಿಂತ ನಡ್ಕೊಂಡು ಹೋಗೋದೇ ವಾಸಿ," ಎಂದು ಮುಖಕ್ಕೇ ಹೇಳಿದ್ದಳು. ಅವಳು ಕಾರು ಓಡಿಸುವಾಗ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಗಂಟುಮುಖ ಹಾಕಿಕೊಂಡು ಕೂರುತ್ತಾರೆ. ಯಾರಾದರೂ ರಸ್ತೆ ದಾಟಿದರೆ ಅವಳು ನಿಲ್ಲಿಸುತ್ತಾಳೆ, ದಾಟಿದ ಕೂಡಲೇ ಹೊರಡುತ್ತಾಳೆ. ಮೇಷ್ಟ್ರು ಕೇಳಬೇಕೆಂದಿರುವ ಎರಡು ಪದ ಮಾತ್ರ ಅವಳ ಬಾಯಿಂದ ಬರುವುದಿಲ್ಲ.

ಆ ಎರಡು ಪದ, "ಹಿಂದೆ ಯಾರು?"

ಇದು ಮೇಷ್ಟ್ರ ಪಾಠ, ಬೇರೆ ಯಾವ ಶಾಲೆಯಲ್ಲೂ ಇರಲಿಲ್ಲ. ಒಬ್ಬರು ರಸ್ತೆ ದಾಟಿದರು ಅಂದುಕೊಳ್ಳಿ, ತಕ್ಷಣ ಹೊರಡಬಾರದು. "ಹಿಂದೆ ಯಾರು?" ಎಂದು ಬಾಯಿಬಿಟ್ಟು ಕೇಳಿ, ಅವರು ಬಂದ ದಿಕ್ಕಿಗೆ ಇನ್ನೊಮ್ಮೆ ಕಣ್ಣು ಹಾಯಿಸಿ, ಆಮೇಲೆ ಹೊರಡಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಕಿವಿಗೆ ಕೇಳಬೇಕು. ಇದರಿಂದ ಎಷ್ಟೋ ಶಿಷ್ಯರು ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದರು. "ಇವ್ರ ಹುಡುಗ್ರು ಒಬ್ಬೊಬ್ರೇ ಮಾತಾಡ್ತಾರೆ, ಗಾಡಿ ಮುಂದಕ್ಕೆ ಬಿಡಲ್ಲ," ಎಂದು ಪರೀಕ್ಷಕ ನಗುತ್ತಿದ್ದ. ಶಾಲೆಯ ಮಾಲೀಕ ಬೇಡಿಕೊಂಡ, ಬೆದರಿಸಿದ. ಮೇಷ್ಟ್ರು ಕಿವಿಗೇ ಹಾಕಿಕೊಳ್ಳಲಿಲ್ಲ.

ಕಾರಣ ಹೆಂಡತಿಗೆ ಮಾತ್ರ ಗೊತ್ತಿತ್ತು. ಚಿಕ್ಕಂದಿನಲ್ಲಿ ಮೇಷ್ಟ್ರು ತಮ್ಮನ ಜೊತೆ ರಸ್ತೆ ದಾಟುತ್ತಿದ್ದರು. ಲಾರಿ ನಿಂತಿತು, ಅಣ್ಣ ಓಡಿ ದಾಟಿದ. ಅಣ್ಣ ದಾಟಿದ್ದನ್ನು ನೋಡಿ ಲಾರಿ ಹೊರಟಿತು. ತಮ್ಮ ಇನ್ನೂ ಹಿಂದೆ ಬರುತ್ತಿದ್ದ. ಜೀವ ಉಳಿಯಿತು, ಆದರೆ ಅವನು ಕೊನೆಯವರೆಗೂ ಕುಂಟುತ್ತಲೇ ನಡೆದ. ಅಣ್ಣನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಈಗಲೂ ಅನಿಸುತ್ತದೆ.

ಗಿಡ ಒಣಗಿ, ಕಥೆ ಕೆಟ್ಟ ಮೇಲೆ ಮೇಷ್ಟ್ರಿಗೆ ಬೆಂಚು ಹೊಳೆಯಿತು. ಪಾರ್ಕಿನ ಕಚೇರಿಯವರು ಕೊಳದ ಪಕ್ಕದ ಬೆಂಚುಗಳಿಗೆ ಹೆಸರಿನ ಫಲಕ ಹಾಕಿಕೊಡುತ್ತಾರೆ. ಮೇಷ್ಟ್ರು ಹೋಗಿ ನಿಂತರು. ಗುಮಾಸ್ತ ತಲೆ ಎತ್ತದೆ ಕೇಳಿದ, "ತೀರಿಕೊಂಡವ್ರ ಹೆಸ್ರು?"

"ನಂದೇ."

ಗುಮಾಸ್ತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇನ್ನೂ ಟೈಮ್ ಇದೆಯಲ್ಲ ಸಾರ್."

"ಎಷ್ಟಿದೆ ಅಂತ ನಿಮಗೆ ಗೊತ್ತಾ?"

ಗುಮಾಸ್ತ ಅರ್ಜಿಯನ್ನು ಮುಂದೆ ತಳ್ಳಿದ. ಹೆಸರಿನ ಕೆಳಗೆ ಒಂದು ಸಾಲು ಬರೆಸಬಹುದು, ಏನೆಂದು ಶುಕ್ರವಾರ ಸಂಜೆ ಕಚೇರಿ ಮುಚ್ಚುವುದರೊಳಗೆ ಹೇಳಿ ಎಂದ. ತಪ್ಪಿದರೆ ಬೆಂಚು ಬೇರೆಯವರಿಗೆ.

ಆ ಒಂದು ಸಾಲು ಮನೆಯ ನೆಮ್ಮದಿಯನ್ನೇ ತಿಂದುಹಾಕಿತು. ಮೇಷ್ಟ್ರು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಶತಪಥ ಹಾಕಿದರು. "'ಊರಿಗೆ ಕಾರು ಕಲಿಸಿದವರು' ಅಂತ ಹಾಕಿಸ್ಲಾ?"

"ಸ್ಕೂಲಿನ ಜಾಹೀರಾತು ಇದ್ದ ಹಾಗಿದೆ."

"'ಶಾಂತ ಸ್ವಭಾವದ ಗುರು'?"

ಹೆಂಡತಿ ನಕ್ಕ ನಗುವಿಗೆ ಒಲೆಯ ಮೇಲಿನ ಹಾಲು ಉಕ್ಕಿತು.

ಶುಕ್ರವಾರ ಸಂಜೆಯಾದರೂ ಸಾಲು ಸಿಗಲಿಲ್ಲ. ದಾರಿಯಲ್ಲಿ ಹೊಳೆದೀತು ಎಂದು ಹೆಂಡತಿಯನ್ನೂ ಹೊರಡಿಸಿಕೊಂಡು ಹೊರಟರು. ಆಕೆಗೆ ಮಂಡಿ ನೋವು. "ರೀ, ಸ್ವಲ್ಪ ನಿಧಾನ," ಎಂದು ಎರಡು ಸಲ ಹೇಳಿದಳು. ಮೇಷ್ಟ್ರು ಹೂಂಗುಟ್ಟಿದರೇ ಹೊರತು ಕಾಲು ನಿಧಾನವಾಗಲಿಲ್ಲ. ಪದಗಳನ್ನು ಕೂಡಿಸುತ್ತ, ಬಿಡಿಸುತ್ತ ಮಾರುಕಟ್ಟೆಯ ಮೂಲೆಗೆ ಬಂದು, ಬಿಳಿ ಪಟ್ಟೆಯ ಮೇಲೆ ಇಳಿದೇಬಿಟ್ಟರು. ಒಂದು ಬ್ರೆಡ್ಡಿನ ವ್ಯಾನು ನಿಂತಿತು. ಮೇಷ್ಟ್ರು ದಾಟಿದರು. ಆಚೆಯ ಫುಟ್‌ಪಾತ್ ಹತ್ತಿ, "ಇದು ಹೇಗಿರುತ್ತೆ ನೋಡು," ಎಂದು ಪಕ್ಕಕ್ಕೆ ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ.

ಆಕೆ ಇನ್ನೂ ಆಚೆ ಇದ್ದಳು. ಆ ಬದಿ ಒಂದು ದೊಡ್ಡ ಲಾರಿ ನಿಂತಿತ್ತು. ಅದರ ಮರೆಯಿಂದ, ಚೀಲ ಹಿಡಿದು, ಕಾಲು ನೋಡಿಕೊಳ್ಳುತ್ತ ಆಗಷ್ಟೇ ರಸ್ತೆಗೆ ಇಳಿಯುತ್ತಿದ್ದಳು. ವ್ಯಾನಿನ ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು.

ಮೇಷ್ಟ್ರ ಜೀವ ಬಾಯಿಗೆ ಬಂತು. ಕೂಗುವ ಮೊದಲೇ ಬಲಗಾಲು ತಾನಾಗಿ ಎದ್ದು ಫುಟ್‌ಪಾತಿನ ಕಲ್ಲನ್ನು ಬಲವಾಗಿ ಒತ್ತಿತು.

ವ್ಯಾನು ಕದಲಲಿಲ್ಲ. ಅದು ಆಗಿನಿಂದಲೂ ಕದಲಿರಲಿಲ್ಲ. ಹಿಂದಿನವರು ಎಷ್ಟೇ ಬೊಬ್ಬೆ ಹೊಡೆದರೂ ಓಡಿಸುವ ಹೆಂಗಸು ಲಾರಿಯ ಮರೆಯನ್ನೇ ನೋಡುತ್ತ ಕೂತಿದ್ದಳು. ಅವಳ ತುಟಿ ಅಲ್ಲಾಡಿದ್ದನ್ನು ಮೇಷ್ಟ್ರು ಮಂಜುಗಣ್ಣಿನಿಂದಲೇ ಕಂಡರು. ಹೆಂಡತಿ ಪೂರ್ತಿ ದಾಟಿ ಬಂದ ಮೇಲೆ ಅವಳು ಮತ್ತೊಮ್ಮೆ ಆ ಕಡೆ ನೋಡಿ, ವ್ಯಾನನ್ನು ಮುಂದೆ ತಂದು ಮೂಲೆಯ ಅಂಗಡಿಯ ಮುಂದೆ ನಿಲ್ಲಿಸಿ ಬ್ರೆಡ್ಡಿನ ತಟ್ಟೆಗಳನ್ನು ಇಳಿಸತೊಡಗಿದಳು.

ಮೇಷ್ಟ್ರು ಅವಳ ಬಳಿಗೆ ಹೋದರು. ಅವಳನ್ನು ಹಿಂದೆಂದೂ ನೋಡಿರಲಿಲ್ಲ. "ಆಗ ಏನೋ ಅಂದ್ಯಲ್ಲಮ್ಮ, ಗಾಡೀಲಿ ಕೂತು?"

ಅವಳು ನಾಚಿಕೊಂಡಳು. "'ಹಿಂದೆ ಯಾರು' ಅಂದೆ. ಅಭ್ಯಾಸ ಅಂಕಲ್."

"ಯಾರು ಕಲಿಸಿದ್ದು?"

"ನಮ್ಮತ್ತೆ. ಗಾಡಿ ಓಡ್ಸೋಕೆ ಅವ್ರೇ ಹೇಳ್ಕೊಟ್ಟಿದ್ದು."

"ಅವ್ರಿಗೆ?"

"ಗೊತ್ತಿಲ್ಲ. ನಮ್ಮನೇಲಿ ಎಲ್ರೂ ಹಾಗೇ ಅಂತಾರೆ. ನನ್ನ ಮಗಳು ಸೈಕಲ್ ಮೇಲೂ ಅಂತಾಳೆ. ಯಾಕೆ ಅಂಕಲ್, ತಪ್ಪಾ?"

ಅದು ನಂದು ಕಣಮ್ಮ ಎಂಬ ಮಾತು ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು. ಬಡಗಿಯಾಗಿದ್ದರೆ ಇಷ್ಟುಹೊತ್ತಿಗೆ ಎರಡೂ ಕೈ ಎತ್ತಿ ತೋರಿಸುತ್ತಿದ್ದ. ಆದರೆ ಹಿಂದೆ ಹೆಂಡತಿ ಏದುಸಿರು ಬಿಡುತ್ತ ನಿಂತಿದ್ದಳು. ಆಕೆಯನ್ನು ರಸ್ತೆಯ ಆಚೆಯೇ ಬಿಟ್ಟು ಬಂದ ಬಾಯಿಂದ ಆ ಮಾತು ಆಡಲು ಮೇಷ್ಟ್ರಿಗೆ ನಾಚಿಕೆಯಾಯಿತು.

"ತಪ್ಪೇನಿಲ್ಲಮ್ಮ," ಎಂದರು. "ಬಿಡ್ಬೇಡ."

ಅವಳು ತಲೆಯಾಡಿಸಿ ತಟ್ಟೆಗಳನ್ನು ಹೊತ್ತು ಅಂಗಡಿಯೊಳಗೆ ಹೋದಳು.

"ಊರಿಗೆಲ್ಲ ಪಾಠ ಹೇಳಿ ನನ್ನನ್ನೇ ಬಿಟ್ಟು ಬಂದ್ರಲ್ಲ," ಎಂದಳು ಹೆಂಡತಿ. ಆಮೇಲೆ ಚೀಲವನ್ನು ಕೈ ಬದಲಿಸಿಕೊಂಡು ಹೇಳಿದಳು, "ಅವ್ಳಿಗೆ ಹೇಳ್ಬೇಕಿತ್ತು, ನೀವೇ ಅಂತ."

"ಚೀಲ ಇಲ್ಲಿ ಕೊಡು. ನೀನು ಮುಂದೆ ನಡಿ."

"ಆಫೀಸು ಮುಚ್ಚುತ್ತೆ. ನೀವು ಬೇಗ ಹೋಗಿ, ನಾನು ಹಿಂದೆ ಬರ್ತೀನಿ."

"ಮುಂದೆ ನಡಿ ಅಂದೆ."

ಆಕೆ ಮುಂದೆ ನಡೆದಳು. ಮಂಡಿ ಹಿಡಿದುಕೊಂಡು, ನಿಂತು ನಿಂತು. ಮೇಷ್ಟ್ರ ಕಾಲು ಚಡಪಡಿಸುತ್ತಿತ್ತು. ರಸ್ತೆಯ ತುದಿಯಲ್ಲಿ ಪಾರ್ಕಿನ ಕಚೇರಿ ಕಾಣುತ್ತಿತ್ತು. ಗುಮಾಸ್ತ ಹೊರಗೆ ಬಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ. ಒಂದು ಓಟ ಕಿತ್ತರೆ ಈಗಲೂ ಸಿಗುತ್ತಾನೆ. ಮೇಷ್ಟ್ರು ಓಡಲಿಲ್ಲ. ಗುಮಾಸ್ತ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಸೈಕಲ್ ಹತ್ತಿ ಹೊರಟುಹೋದ.

ಹೆಂಡತಿಯೂ ನೋಡಿದಳು. ಮನೆಯ ಕಡೆಗೆ ಹೋಗಲು ಮತ್ತೆ ರಸ್ತೆ ದಾಟಬೇಕಿತ್ತು. ಒಂದು ಕಾರು ನಿಂತು ದಾರಿ ಬಿಟ್ಟಿತು. ಆಕೆ ಪಟ್ಟೆಯ ಮೇಲೆ ಕಾಲಿಟ್ಟು, ತಿರುಗಿ ನೋಡದೆಯೇ ಕೇಳಿದಳು,

"ಹಿಂದೆ ಯಾರು?"

"ನಾನಿದೀನಿ," ಎಂದರು ಮೇಷ್ಟ್ರು. "ನಿಧಾನಕ್ಕೆ ನಡಿ."