ತಲಾವಿನ ಲೆಕ್ಕಕ್ಕೆ ಕೈಮುಗಿದ ಲೀಲಾಧರರು

ಲೀಲಾಧರರಿಗೆ ಪ್ರಾರ್ಥನೆ ಮಾಡುವುದು ಬರುತ್ತದೆ. ಮುಂಬೈ ಕಡೆ ನೆಲೆಸಿದ ಕರಾವಳಿಯವರ ಪೂಜೆಗಳಲ್ಲಿ ಕೂತವರಿಗೆ ಇದು ಎಂಥ ವಿದ್ಯೆ ಎಂದು ಗೊತ್ತು. ಮಂಗಳಾರತಿಗೆ ಮೊದಲು ಒಬ್ಬರು ಎದ್ದು ನಿಂತು, ಸೇರಿದವರೆಲ್ಲರ ಪರವಾಗಿ ದೇವರೊಡನೆ ಮಾತಾಡಬೇಕು. ಊರಿನ ದೇವರು, ದೈವ, ಇಲ್ಲಿನ ಗ್ರಾಮದೇವತೆ, ಯಾರ ಹೆಸರೂ ಬಿಟ್ಟುಹೋಗಬಾರದು. ಕೊನೆಯಲ್ಲಿ ಮಾತು ಕೊಡಬೇಕು: ನೀನು ಇಷ್ಟು ನಡೆಸಿಕೊಟ್ಟರೆ ನಾವು ಹೀಗೆ ನಡೆದುಕೊಳ್ಳುತ್ತೇವೆ. ಲೀಲಾಧರರು ಬಾಯಿ ತೆರೆದರೆ ಹೆಂಗಸರು ಸೆರಗಿನ ತುದಿ ಹುಡುಕುತ್ತಾರೆ. ಅವರನ್ನು ಸಿಕ್ಕಿಹಾಕಿಸಿದ್ದೂ ಅದೇ ಬಾಯಿ.

ಡೊಂಬಿವಲಿ ಪೂರ್ವದಲ್ಲಿ ನಾಂದಳೆ ತಲಾವು ಎಂಬ ಕೆರೆಯ ದಂಡೆಗೆ ಒಂದು ಟವರ್. ಅದರ ಕೆಳಗಿನ ಅಂತಸ್ತಿನಲ್ಲಿ ಅವರ ಹೋಟೆಲು. ಉಡುಪಿ ಕಡೆಯಿಂದ ಬಂದು, ಕಳವಾ ಎಂಬಲ್ಲಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಹಾ ಹಂಚಿ, ರಬಾಳೆಯಲ್ಲಿ ಪಾಲುದಾರಿಕೆ ಮಾಡಿ, ಪಾಲುದಾರನ ಕೈಯಲ್ಲಿ ಮೋಸಹೋಗಿ, ಕೊನೆಗೆ ಬಾಡಿಗೆ ಜಾಗದಲ್ಲಿ ಸ್ವಂತ ಬೋರ್ಡು ಹಾಕಿದ ಮನುಷ್ಯ. ತಲಾವು ಕಾಣುವ ಮೇಜುಗಳೇ ಅವರ ಬಂಡವಾಳ. ದೊಡ್ಡ ತಲಾವು ಅದು. ಆಚೆ ದಂಡೆಯ ಜನ ಇಲ್ಲಿಂದ ಕಡ್ಡಿಗಳ ಹಾಗೆ ಕಾಣುತ್ತಾರೆ.

ಆ ನೀರು ಹಸಿರಾಗಿ ಕೆಲವು ವರ್ಷವಾಯಿತು. ಮಳೆ ನಿಂತ ಮೇಲೆ ಬಣ್ಣ ಬಳಿದಂತೆ ದಪ್ಪ ಪಾಚಿ; ಅದು ಸತ್ತು ಕೊಳೆತಾಗ ನಾತ; ಬೆಳಗಾದರೆ ದಂಡೆಯಲ್ಲಿ ಬೆಳ್ಳಗೆ ಹೊಟ್ಟೆ ಮೇಲಾದ ಮೀನು. ಗಿರಾಕಿಗಳು ತಲಾವಿನ ಕಡೆಯ ಮೇಜು ಬಿಟ್ಟು ಒಳಗೆ ಕೂರತೊಡಗಿದರು. ಕಾರಣ ಯಾರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ: ಪಶ್ಚಿಮ ದಂಡೆಯ ಧೋಬಿ ಘಾಟ್. ಅಲ್ಲಿ ಯಾದಗಿರಿ ಕಡೆಯ ಹತ್ತಾರು ಕುಟುಂಬಗಳು ಬಟ್ಟೆ ಒಗೆಯುತ್ತಿದ್ದವು. ಕಲ್ಲಿನ ಮೇಲೆ ಬಡಿದ ಬಟ್ಟೆಯ ನೊರೆ ದೂರದಿಂದಲೇ ಕಾಣುತ್ತದಲ್ಲ? ಕಂಡದ್ದೇ ಅಪರಾಧ. ಯಾರ ಬಟ್ಟೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಲೀಲಾಧರರ ಹೋಟೆಲಿನ ಮೇಜುಬಟ್ಟೆಗಳನ್ನು ಒಗೆಯುತ್ತಿದ್ದವಳು ಅದೇ ಘಾಟಿನ ಮರಗಮ್ಮ.

ಈ ನಡುವೆ ಸೋನಾಲಿ ಬಂದಳು. ಅಪ್ಪ ಬಾಳಪ್ಪನವರು ವಿಜಯಪುರದಿಂದ ಬಂದು ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಗಳು ಇಲ್ಲೇ ಹುಟ್ಟಿ, ಓದಿ, ನವಿ ಮುಂಬೈಯ ಕಾಲೇಜೊಂದರಲ್ಲಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವವಳು. ತಲಾವಿಗೆ ಯಾವ ಕಡೆಯಿಂದ ಎಷ್ಟು ರಂಜಕ, ಎಷ್ಟು ಸಾರಜನಕ ಬರುತ್ತದೆ, ಪಾಚಿ ಎಷ್ಟು ತಿನ್ನುತ್ತದೆ, ಕೆಸರು ಎಷ್ಟು ಹಿಡಿದಿಡುತ್ತದೆ, ಎಲ್ಲವನ್ನೂ ಕೂಡಿಸಿ ಕಂಪ್ಯೂಟರಿನಲ್ಲಿ ಒಂದು ತಲಾವು ಕಟ್ಟುವುದು ಅವಳ ಕೆಲಸ. ಸರಕಾರ ಅರ್ಧ ದುಡ್ಡು ಕೊಟ್ಟು, ಉಳಿದರ್ಧ 'ಸ್ಥಳೀಯ ಪಾಲು' ಎಂದು ಕೈತೊಳೆದುಕೊಂಡಿತ್ತು. ಅದೇ ತಲಾವಿನ ಸುತ್ತ ಬಣ್ಣದ ದೀಪಕ್ಕೆ ದುಡ್ಡಿತ್ತು, ಕಾರಂಜಿಗೆ ಇತ್ತು, ನಿಂತು ಫೋಟೋ ತೆಗೆಸಿಕೊಳ್ಳುವ ಕಟ್ಟೆಗೂ ಇತ್ತು. ನೀರು ಯಾಕೆ ಕೆಟ್ಟಿತು ಎಂದು ತಿಳಿಯುವುದಕ್ಕೆ ಮಾತ್ರ ಈ ಹುಡುಗಿ ಇಡ್ಲಿ ಮಾರುವವರ ಮುಂದೆ ಕೈಚಾಚಬೇಕಾಯಿತು. ಇದಕ್ಕೆ ನಾಚಿಕೊಳ್ಳಬೇಕಾದವರು ಕಾರಂಜಿಯನ್ನು ಉದ್ಘಾಟಿಸಿ ಹೋದರು.

ಹೋಟೆಲ್ ಮಾಲಕರ ಸಂಘದ ಸಭೆಯಲ್ಲಿ ಅವಳು ತನ್ನ ಮನೆಯ ಕನ್ನಡದಲ್ಲೇ ವಿವರಿಸಿದಳು. "ಖರೆ ತಲಾವಿನ್ಯಾಗ ನಾಲಾ ಬಂದ್ ಮಾಡಿ ನೋಡಾಕ ಆಗಂಗಿಲ್ರಿ. ಇದರಾಗ ಮಾಡಬಹುದು. ಒಂದೊಂದೇ ಬಂದ್ ಮಾಡ್ರಿ, ಫಿರ್ ದೇಖೋ, ನೀರು ಯಾವಾಗ ತಿಳಿ ಆಗ್ತದ."

"ಅಂದ್ರೆ ತಲಾವಿನ ಜಾತಕ ನೋಡುದು," ಎಂದರು ಸಂಘದ ಅಧ್ಯಕ್ಷ ಸುದರ್ಶನ.

"ಜಾತಕದಾಗ ನಿಮಗ ಬೇಕಾದ್ದು ಹೇಳ್ತಾರ್ರಿ ಅಂಕಲ್. ಇದು ಹೇಳಂಗಿಲ್ಲ."

ಎಲ್ಲರೂ ನಕ್ಕರು. ನಕ್ಕವರು ಕೊಡಲೂ ಒಪ್ಪಿದರು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೇಗೆ ಎತ್ತುತ್ತಾರೋ ಹಾಗೆಯೇ ಎತ್ತಿದರು: ಪೂಜೆ ಇಟ್ಟು, ಮೈಕಿನಲ್ಲಿ ಹೆಸರು ಕೂಗಿ, ಶಾಲು ಹೊದೆಸಿ. ಅವರಿಗೆ ಗೊತ್ತಿದ್ದ ದಾರಿ ಅದೊಂದೇ, ತಪ್ಪಿದ್ದೂ ಅಲ್ಲಿಯೇ. ದೇವಸ್ಥಾನಕ್ಕೆ ಕೊಟ್ಟ ದುಡ್ಡು ಕಲ್ಲಿನ ಮೇಲೆ ಹೆಸರಾಗಿ ತೆಪ್ಪಗೆ ಕೂರುತ್ತದೆ. ಲೆಕ್ಕಕ್ಕೆ ಕೊಟ್ಟ ದುಡ್ಡು ತಿರುಗಿ ಬಂದು ಕೊಟ್ಟವನ ಮನೆಯ ಮೋರಿಯನ್ನು ತೋರಿಸೀತು ಎಂದು ಯಾರೂ ಎಣಿಸಿರಲಿಲ್ಲ. ಅರ್ಧ ಈಗ, ಅರ್ಧ ವರದಿಯ ಸಮಯಕ್ಕೆ ಎಂದಾಯಿತು. ತಲಾವು ಸಮಿತಿಗೆ ಲೀಲಾಧರರೇ ಮುಖ್ಯಸ್ಥರು.

ಅವತ್ತು ಮೈಕು ಕೈಗೆ ಬಂದಾಗ ಲೀಲಾಧರರು ರೂಢಿಯ ಓಘದಲ್ಲಿ ಹೇಳಿಬಿಟ್ಟರು: "ಈ ಮಗಳ ಲೆಕ್ಕದಲ್ಲಿ ಏನು ಬರುತ್ತದೋ, ಅದು ನಮಗೆ ಸಿಹಿಯಾಗಲಿ ಕಹಿಯಾಗಲಿ, ನಾವು ಹೋಟೆಲಿನವರು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತೇವೆ. ಆ ಲೆಕ್ಕದಂತೆ ನಡೆಯುತ್ತೇವೆ." ಸಭೆಯೆಲ್ಲ ಕೈಮುಗಿದಿತ್ತು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ರತ್ನಾವತಿ ಇದ್ದರು.

ವರ್ಷ ಕಳೆದು, ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಸೋನಾಲಿ ಲ್ಯಾಪ್‌ಟಾಪ್ ಹಿಡಿದು ಹೋಟೆಲಿಗೆ ಬಂದಳು. ತೆರೆಯ ಮೇಲೆ ತಲಾವು ಎಮ್ಮೆ ಮಲಗಿದ ಹಾಗೆ ಬಿದ್ದಿತ್ತು, ಮೈತುಂಬ ಹಸಿರು. ಅವಳು ಧೋಬಿ ಘಾಟನ್ನು ಮುಚ್ಚಿದಳು. ಹಸಿರು ಕದಲಲಿಲ್ಲ. ಘಾಟನ್ನು ತೆರೆದು, ಈ ಬಾರಿ ದಕ್ಷಿಣದ ಕೊಳಚೆ ನಾಲಾ ಮುಚ್ಚಿದಳು. ಮೊದಲನೆಯ ಮಳೆಗಾಲ ಏನೂ ಆಗಲಿಲ್ಲ. ಕೆಸರಿನಲ್ಲಿ ಕೂತಿದ್ದ ಹಳೆಯ ರಂಜಕವೇ ಪಾಚಿಗೆ ಊಟ ಹಾಕುತ್ತಿತ್ತು. ಆಮೇಲೆ ದಂಡೆಯಿಂದ ನಿಧಾನಕ್ಕೆ ಹಸಿರು ಹಿಂದೆ ಸರಿಯಿತು.

ದಕ್ಷಿಣದ ನಾಲಾ ಎಂದರೆ ಟವರುಗಳ ಕಕ್ಕಸು, ಅವುಗಳ ಕೆಳಗಿನ ಹೋಟೆಲುಗಳ ಗಂಜಿ, ಸಾಂಬಾರಿನ ತಳ, ಪಾತ್ರೆ ತೊಳೆದ ಸಾಬೂನು.

"ಮಗಾ, ಇದ್ರಲ್ಲಿ ನನ್ನ ಹೋಟ್ಲು ಎಲ್ಲಿ?"

"ಅಲಗ್ ಅಲಗ್ ಕಾಣಂಗಿಲ್ರಿ ಅಂಕಲ್. ಎಲ್ಲಾ ಕೂಡಿ ಒಂದೇ ನಾಲಾ."

"ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ ಅಂತ ಹೇಳ್ತಾರೆ ನೋಡು ನಮ್ಮ ಸಂಘದವ್ರು."

"ಹೇಳ್ಲಿ ಬಿಡ್ರಿ. ಘಾಟಿನವ್ರದಂತೂ ಅಲ್ಲಲ್ಲ?"

ಆ ಪ್ರಶ್ನೆ ಸಣ್ಣದಾಗಿರಲಿಲ್ಲ. ಘಾಟ್ ತೆರವು ಮಾಡಲು ವಾರ್ಡ್ ಆಫೀಸಿನ ನೋಟೀಸು ಸಿದ್ಧವಾಗಿತ್ತು. ವರದಿ ಬರುವ ತನಕ ತಡೆದಿದ್ದರು. ವರದಿ ನಾಲಾ ಎಂದರೆ ಮರಗಮ್ಮನ ಕಲ್ಲು ಉಳಿಯುತ್ತದೆ. ಘಾಟ್ ಎಂದರೆ ಹೋಗುತ್ತದೆ.

ಲೀಲಾಧರರು ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಮೊದಲು ಟವರಿನ ಸೊಸೈಟಿ ಕಾರ್ಯದರ್ಶಿ ಶಶಿಕಾಂತರ ಬಳಿ ಹೋದರು. ಕಟ್ಟಡದ ಹಿಂದೆ ಕೊಳಚೆ ಶುದ್ಧ ಮಾಡುವ ಯಂತ್ರವಿದೆ. ಬಿಲ್ಡರ್ ಹೋದ ದಿನದಿಂದ ಅದಕ್ಕೆ ಬೀಗ.

"ಕರೆಂಟ್ ಬಿಲ್ ಯಾರ್ ಕೊಡ್ತಾರ್ರಿ ಶೆಟ್?" ಎಂದರು ಶಶಿಕಾಂತ. "ಮೆಂಬರ್ಸ್‌ಗೆ ಮೇಂಟೆನೆನ್ಸ್ ಹೆಚ್ಚ ಮಾಡ್ತೀನಂದ್ರ ನನ್ನ ಕುರ್ಚಿ ತೆಗೀತಾರ. ನೀವು ಒಬ್ಬರೇ ಕೊಡ್ತೀರೇನ್?"

ಹಾಗಾದರೆ ತನ್ನ ಅಡುಗೆಮನೆಯ ನೀರನ್ನಾದರೂ ಸೋಸಿ ಬಿಡುವ ಎಂದುಕೊಂಡರು. ಅದಕ್ಕೆ ನೆಲ ಅಗೆಯಬೇಕು. ಜಾಗದ ಮಾಲಕ ಕರಾರಿನ ಕಾಗದ ತೋರಿಸಿ, ಒಂದು ಟೈಲ್ಸ್ ಎದ್ದರೂ ಜಾಗ ಖಾಲಿ ಮಾಡಿ ಎಂದ. ಪಾಲಿಕೆಯ ಒಳಚರಂಡಿಗೆ ಜೋಡಿಸಿಕೊಡಿ ಎಂದು ವಾರ್ಡ್ ಆಫೀಸಿಗೆ ಹೋದರೆ, ಆ ರಸ್ತೆಗೆ ಒಳಚರಂಡಿ ಬಂದಿಲ್ಲ, ಬರುವ ತನಕ ನಾಲಾಕ್ಕೇ ಬಿಡಿ ಎಂದರು. ಬಿಟ್ಟದ್ದು ಗೊತ್ತಾದರೆ? ಸೀಲ್ ಮಾಡುತ್ತೇವೆ ಎಂದರು, ಅದೇ ಕುರ್ಚಿಯಲ್ಲಿ ಕೂತು, ಅದೇ ಚಹಾ ಕುಡಿಯುತ್ತಾ. ಟವರಿಗೆ ವಾಸದ ಪರವಾನಗಿ, ಕೆಳಗೆ ಹೋಟೆಲಿನ ಪರವಾನಗಿ, ನೀರು ಹೋಗಲು ದಾರಿ ಇಲ್ಲದ ರಸ್ತೆ: ಮೂರಕ್ಕೂ ಮೊಹರು ಒತ್ತಿದ ಕೈ ಒಂದೇ. ಆ ಕೈಗೆ ಯಾವ ಲೆಕ್ಕದಲ್ಲೂ ಬಣ್ಣ ಹಚ್ಚಿರಲಿಲ್ಲ.

ಸುದರ್ಶನರಿಗೆ ಸುದ್ದಿ ಮುಟ್ಟಿತು. ಅವರೇ ಬಂದು ಗಲ್ಲಾದ ಪಕ್ಕ ಕೂತರು.

"ಲೀಲಾಧರಣ್ಣ, ಸುಳ್ಳು ಬರೆಯಿರಿ ಅಂತ ಯಾರು ಹೇಳ್ತಾರೆ ಮಾರಾಯ್ರೆ? ಮೊದಲ ವರದಿಯಲ್ಲಿ ಘಾಟ್ ಮಾತ್ರ ಇರ್ಲಿ. ನಾಲಾದ್ದು ಮುಂದಿನ ಹಂತ, ಹೆಚ್ಚಿನ ಅಧ್ಯಯನ. ಸಮಿತಿಯವ್ರು ನೀವು, ಕಾಲೇಜಿಗೆ ಒಂದು ಪತ್ರ ಕೊಡಿ, ಸಾಕು."

"ಘಾಟಿಂದ ಏನೂ ಇಲ್ಲ ಅಂತ ಅವಳೇ ತೋರ್ಸಿದ್ದಾಳೆ."

"ಏನೂ ಇಲ್ವಾ? ಸೋಡಾ ಹಾಕುದಿಲ್ವಾ ಅವ್ರು? ಸ್ವಲ್ಪ ಉಂಟಲ್ಲ? ಆ ಸ್ವಲ್ಪ ಬರೀಲಿ."

"ನಾನು ಪ್ರಾರ್ಥನೆಯಲ್ಲಿ ಮಾತು ಕೊಟ್ಟಿದ್ದೇನೆ, ಸುದರ್ಶನ."

"ನೀವು ಕೊಟ್ಟದ್ದು ಎಲ್ಲರ ಪರವಾಗಿ. ಈಗ ಎಲ್ಲರೂ ಬೇಡ ಅಂತಾರೆ. ನಾಳೆ ದಕ್ಷಿಣದ ಹೋಟ್ಲೆಲ್ಲ ಸೀಲಾದ್ರೆ ನಿಮ್ಮ ಹುಡುಗ್ರಿಗೆ ದೇವರು ಸಂಬಳ ಕೊಡ್ತಾನಾ? ಉಳಿದರ್ಧ ದುಡ್ಡು ನಾವು ಕೊಡದಿದ್ರೆ ಆ ಹುಡುಗಿಯ ನೌಕರಿಯೂ ಹೋಗ್ತದೆ, ತಿಳ್ಕೊಳ್ಳಿ."

ಹೀಗೆ ಮಾತಾಡುವವರನ್ನು ಕೆಟ್ಟವರು ಎಂದು ಬೈದು ಮುಗಿಸಬಹುದಿತ್ತು. ಆದರೆ ಸುದರ್ಶನರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಕೇಡೆಲ್ಲ ಅಲ್ಲೇ ಇದೆ. ಈ ಕಾಲದಲ್ಲಿ ಸುಳ್ಳು ಹೇಳುವ ಕಷ್ಟ ಯಾರೂ ಪಡುವುದಿಲ್ಲ. ಯಾವ ನಿಜ ಮೊದಲು, ಯಾವುದು ಆಮೇಲೆ ಎಂದು ಸಾಲು ಹಚ್ಚಿದರೆ ಸಾಕು, ಬುಲ್‌ಡೋಜರಿಗೆ ದಾರಿ ತಾನೇ ಸಿಗುತ್ತದೆ.

ಲೀಲಾಧರರು ಸೋನಾಲಿಗೆ ಫೋನ್ ಮಾಡಿದರು. ಅವಳು ಥಾಣೆಯಲ್ಲಿ ರೈಲುಗಾಡಿ ಬದಲಿಸುತ್ತಿದ್ದಳು, ಹಿಂದೆ ಗದ್ದಲ.

"ಪತ್ರ ಕೊಡಬ್ಯಾಡ್ರಿ ಅಂಕಲ್. ನನ್ನ ನೌಕರಿ ನಾ ನೋಡ್ಕೊಂತೀನಿ. ನೀವು ಸುಮ್ನ ಕೂತ್ರೂ ಸಾಕು, ಪೂರಾ ವರದಿ ಹೋಗ್ತದ."

ಸುಮ್ಮನೆ ಕೂರುವುದು ಅಷ್ಟು ಸುಲಭವಿದ್ದಿದ್ದರೆ! ಮನೆಯಲ್ಲಿ ರತ್ನಾವತಿ ತುಳುವಿನಲ್ಲಿ ಒಂದೇ ಮಾತು ಕೇಳಿದರು. ಕನ್ನಡದಲ್ಲಿ ಅದರ ತಿರುಳು ಇಷ್ಟು: ನಾಲಿಗೆ ನಿಮ್ಮದು, ಕೈಮುಗಿದವರಲ್ಲಿ ನಾನೂ ಇದ್ದೆ, ನನ್ನ ಕೈಯನ್ನು ಏನು ಮಾಡಲಿ?

"ಹೋಟ್ಲು ಮುಚ್ಚಿದ್ರೆ ತಿನ್ಲಿಕ್ಕೆ ಏನು ಮಾಡ್ತಿ, ಅದನ್ನು ಹೇಳು," ಎಂದು ರೇಗಿದರು ಲೀಲಾಧರರು.

"ಅದು ನನಗೂ ಗೊತ್ತಿಲ್ಲ," ಎಂದರು ರತ್ನಾವತಿ. "ಗೊತ್ತಿಲ್ಲ ಅಂತ ದೇವರಿಗೆ ಹೇಳಿ. ಘಾಟಿನವ್ರ ಮೇಲೆ ಹಾಕ್ಬೇಡಿ."

ಲೀಲಾಧರರು ಪತ್ರಕ್ಕೆ ಸಹಿ ಹಾಕಿದರು. ಹಾಕದೆ ಇರಬಹುದಿತ್ತು, ಅದನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಸಂಘದ ಆಫೀಸಿನಲ್ಲಿ ಪತ್ರ ಟೈಪಾಗಿಯೇ ಇತ್ತು. ಇವರು ಪೆನ್ನು ತೆರೆದಾಗ ಸುದರ್ಶನರು ಬೇರೆಯವರೊಡನೆ ಕಳಂಬೋಲಿಯಲ್ಲಿ ಅಗ್ಗಕ್ಕೆ ಸಿಗುವ ಉಕ್ಕಿನ ಕಪಾಟಿನ ಬಗ್ಗೆ ಮಾತಾಡುತ್ತಿದ್ದರು.

ಕಾಲೇಜು ಸಂಘದ ಕೋರಿಕೆಯಂತೆ ವರದಿಯನ್ನು ಘಾಟಿನ ಅಧ್ಯಾಯಕ್ಕೆ ಸೀಮಿತಗೊಳಿಸಿತು. ಸೋನಾಲಿ ಅದಕ್ಕೆ ತನ್ನ ಹೆಸರು ಹಾಕಲು ಒಪ್ಪಲಿಲ್ಲ. ಗುತ್ತಿಗೆ ಮುಗಿದಾಗ ಕಾಲೇಜು ಅದನ್ನು ಮುಂದುವರಿಸಲಿಲ್ಲ. ಉಳಿದರ್ಧ ದುಡ್ಡು ಬಂತು, ಖರ್ಚಾಯಿತು. ಈಗ ಅವಳು ಮುಂಬ್ರಾದ ಒಂದು ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಹೇಳುತ್ತಾಳೆ.

ಘಾಟಿನ ಕಲ್ಲುಗಳನ್ನು ಒಂದು ಬೆಳಿಗ್ಗೆ ಎತ್ತಿದರು. ಮರಗಮ್ಮನ ಗಂಡ ಮಾನಪ್ಪ ತನ್ನ ಕಲ್ಲಿನ ಮೇಲೆ ಕೂತು ಏಳಲಿಲ್ಲವಂತೆ, ಪೊಲೀಸರು ಎತ್ತಿ ಕೆಳಗಿಟ್ಟರು. ಅಲ್ಲಿಗೆ ಈಗ ಬೇಲಿ, ಬೇಲಿಗೆ ಬೋರ್ಡು, ಬೋರ್ಡಿನಲ್ಲಿ 'ಸ್ವಚ್ಛ ತಲಾವು' ಎಂಬ ಅಕ್ಷರ. ಮಳೆಗಾಲ ಮುಗಿಯಿತು. ನೀರು ಎಂದಿನಂತೆ ಹಸಿರಾಯಿತು. ಈ ಬಾರಿ ಬೆರಳು ಮಾಡಿ ತೋರಿಸಲು ಎದುರು ಯಾರೂ ಇರಲಿಲ್ಲವಾದ್ದರಿಂದ, ಹವಾಮಾನ ಬದಲಾಗಿದೆ ಎಂದರು.

ಮರಗಮ್ಮ ಹೋಟೆಲಿಗೆ ಬಂದದ್ದು ಬೈಯುವುದಕ್ಕೆ ಎಂದು ಲೀಲಾಧರರು ಗಲ್ಲಾದಿಂದ ಎದ್ದೇ ನಿಂತಿದ್ದರು. ಅವಳು ಕೇಳಿದ್ದು ಕೆಲಸ. ಪಾತ್ರೆ ತೊಳೆಯುವ ಹುಡುಗ ಊರಿಗೆ ಹೋದವನು ಬಂದಿರಲಿಲ್ಲ. ಹಿಂದಿನ ಮೋರಿಯನ್ನು ತೋರಿಸಿದರು. ಅವಳು ಸೀರೆ ಎತ್ತಿ ಕಟ್ಟಿ ಕೂತಳು. ಕೈ ಒಳ್ಳೆಯದು, ತಳ ಹತ್ತಿದ ಪಾತ್ರೆಯೂ ಬೆಳ್ಳಗಾಗುತ್ತದೆ.

ಮೂರನೆಯದೋ ನಾಲ್ಕನೆಯದೋ ದಿನ, ಸಾಂಬಾರಿನ ದೊಡ್ಡ ಪಾತ್ರೆ ಬಗ್ಗಿಸಿ ನೀರು ಚೆಲ್ಲುತ್ತಾ ಕೇಳಿದಳು. "ಅಣ್ಣಾರ, ಈ ನೀರು ಎಲ್ಲಿಗಿ ಹೋಗತದ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ತಲಾವಿಗೆ."

"ಅಯ್ಯ ಶಿವನ. ಅಲ್ಲಿ ನಾ ತೊಳದ್ರ ಕೆಡತಿತ್ತು, ಇಲ್ಲಿ ತೊಳದ್ರ ಕೆಡಂಗಿಲ್ಲೇನ್ರಿ?"

"ಕೆಡ್ತದೆ."

"ಮತ್ತ?"

"ಇಲ್ಲಿ ಯಾರಿಗೂ ಕಾಣುದಿಲ್ಲ."

ಮರಗಮ್ಮ ಅವರ ಮುಖವನ್ನೊಮ್ಮೆ ನೋಡಿ, ಪಾತ್ರೆಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.

"ಹಂಗಾರ ಸಾಬೂನ್ ಪುಡಿ ತರಸ್ರಿ. ಮುಗದದ."

ಲೀಲಾಧರರು ಅಂಗಡಿಗೆ ಫೋನ್ ಮಾಡಿ, ದೊಡ್ಡ ಚೀಲವನ್ನೇ ಕಳಿಸಲು ಹೇಳಿದರು.