ಮದ್ದೂರಿನಲ್ಲಿ ರೈಲು ತಪ್ಪಿಸಿದ ಪುಸ್ತಕ

ಪಠ್ಯಪುಸ್ತಕ ಓದುತ್ತ ನಿದ್ದೆಹೋಗುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಗಣಿತದ ಮೇಷ್ಟರಾದವರು ಹೀಗೆ ಬಾಯಿಬಿಟ್ಟು ಹೇಳಬಾರದು, ನಿಜ. ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲೂ ನನ್ನಂಥವರು ಇದ್ದೇ ಇರುತ್ತೀರಿ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಕಾದಂಬರಿಯಾದರೆ ಊಟದ ಹೊತ್ತು ಮೀರಿದರೂ ಕೆಳಗಿಡುವುದಿಲ್ಲ. ಪಠ್ಯಪುಸ್ತಕವಾದರೆ ಮುನ್ನುಡಿ ಮುಗಿಯುವ ಮೊದಲೇ ಕನ್ನಡಕ ಎದೆಯ ಮೇಲೆ ಬಂದು ಕೂತಿರುತ್ತದೆ. ನನ್ನ ಕಾಲೇಜಿನ ದಿನಗಳ ಸಂಖ್ಯಾಶಾಸ್ತ್ರದ ಪುಸ್ತಕವೊಂದು ಮನೆಯಲ್ಲಿತ್ತು. ಕೆಂಪು ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಎತ್ತಿದರೆ ಮಣಿಕಟ್ಟು ನೋಯುವಷ್ಟು ತೂಕ. ಮಧ್ಯಾಹ್ನ ನಿದ್ದೆ ಹತ್ತದಿದ್ದರೆ ನನ್ನ ಹೆಂಡತಿ ಶಾರದೆ, "ನಿಮ್ಮ ಆ ಕೆಂಪು ಪುಸ್ತಕ ಸ್ವಲ್ಪ ಕೊಡೀಂದ್ರೆ" ಎಂದು ಕೇಳುತ್ತಿದ್ದಳು. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ಪುಸ್ತಕಕ್ಕೆ ಅದರ ಅಗತ್ಯವೂ ಇರಲಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ನಾನು ಮಳವಳ್ಳಿಯಲ್ಲಿ ಮೇಷ್ಟರಾಗಿದ್ದೆ. ಯಾವ ಊರಲ್ಲಿ ಎಷ್ಟು ಭತ್ತ, ಎಷ್ಟು ರಾಗಿ ಬೆಳೆಯುತ್ತದೆ ಎಂಬುದು ಸರ್ಕಾರಕ್ಕೆ ತುರ್ತಾಗಿ ತಿಳಿಯಬೇಕಾಗಿದ್ದ ಕಾಲ. ಬೆಳೆಯ ಅಂದಾಜು ಮಾಡುವ ಕೆಲಸಕ್ಕೆಂದು ಸುತ್ತಮುತ್ತಲ ಹಳ್ಳಿಗಳ ಒಂದಷ್ಟು ಮೆಟ್ರಿಕ್ ಪಾಸಾದ ಯುವಕರನ್ನು ಆರಿಸಿ ಮಂಡ್ಯದಲ್ಲಿ ತರಬೇತಿ ಶುರು ಮಾಡಿದರು. ಕೊನೆಯಲ್ಲಿ ಪರೀಕ್ಷೆ. ಪಾಸಾದವರಿಗೆ ಸರ್ಕಾರಿ ಕೆಲಸ, ಆಗದವರು ಊರಿಗೆ ವಾಪಸ್ಸು. ಅವರಿಗೆ ವಾರಕ್ಕೊಮ್ಮೆ ಸಂಖ್ಯಾಶಾಸ್ತ್ರ ಹೇಳಿಕೊಡಬೇಕೆಂದು ನನಗೆ ಕರೆ ಬಂತು.

ಸಂಖ್ಯಾಶಾಸ್ತ್ರ ಎಂದ ಕೂಡಲೇ ಮಳವಳ್ಳಿಯಲ್ಲಿ ನನ್ನ ಗೌರವ ಏಕಾಏಕಿ ಏರಿತು. ನೆರೆಮನೆಯವರು ಮಗಳ ಜಾತಕ ಹಿಡಿದು ಬಂದರು. ಶಾಸ್ತ್ರವೆಂಬ ಹೆಸರು ಹೊತ್ತ ಮೇಲೆ ಭವಿಷ್ಯ ಹೇಳದೆ ಇರುತ್ತದೆಯೇ? ಇದು ಸರಾಸರಿಯ ಲೆಕ್ಕವಮ್ಮ ಎಂದರೆ ಅವರಿಗೆ ನಿರಾಸೆ. ಈ 'ಸರಾಸರಿ' ಎಂಬುದು ದೂರದ ಪಾರಸಿ ಭಾಷೆಯಿಂದ ಕಂದಾಯ ಕಚೇರಿಗಳ ಮೂಲಕ ನಮ್ಮ ಮನೆಗಳಿಗೆ ಬಂದು, ಈಗ ಒಗ್ಗರಣೆಯಷ್ಟೇ ನಮ್ಮದಾಗಿಬಿಟ್ಟಿರುವ ಮಾತು. ಮಾತು ಒಲೆಯವರೆಗೂ ಬಂತು, ಅದರ ಶಾಸ್ತ್ರ ಮಾತ್ರ ಕೆಂಪು ರಟ್ಟಿನೊಳಗೇ ಉಳಿಯಿತು.

ಆ ಕೆಂಪು ಪುಸ್ತಕವನ್ನೇ ನಾನು ಮಂಡ್ಯಕ್ಕೆ ಹೊತ್ತುಕೊಂಡು ಹೋದೆ. ಪಾಠ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಹಿಂದಿನ ಸಾಲು ಒರಗಿತು, ಆಮೇಲೆ ಮುಂದಿನ ಸಾಲು. ಕಿರುಗಾವಲಿನ ಬೋರೇಗೌಡ ಎಂಬ ದಷ್ಟಪುಷ್ಟ ಯುವಕ ಪಾಠ ಮುಗಿದ ಮೇಲೆ ಬಳಿಗೆ ಬಂದು ಹೇಳಿದ:

"ಬೇಜಾರ್ ಮಾಡ್ಕಬ್ಯಾಡಿ ಸಾ. ನೀವು ಯೋಳೋದೆಲ್ಲ ಸರ್ಯಾಗೈತೆ. ಆ ಪುಸ್ತಕ ತೆಗುದ್ರಿ ಅಂದ್ರೆ ಕಣ್ಣು ತಾನೇ ತಾನಾಗಿ ಮುಚ್ಕಂಡೋಯ್ತದೆ."

ನನಗೆ ಬೇಜಾರಾಗಲಿಲ್ಲ. ನನ್ನ ಕಣ್ಣೂ ಹಾಗೆಯೇ ಅಲ್ಲವೆ! ಆದರೆ ತಿಂಗಳ ಕೊನೆಯಲ್ಲಿ ಇಟ್ಟ ಸಣ್ಣ ಪರೀಕ್ಷೆಯಲ್ಲಿ ಹೆಚ್ಚಿನವರು ಮುಗ್ಗರಿಸಿದಾಗ ನಿಜಕ್ಕೂ ಹೆದರಿಕೆಯಾಯಿತು. ತರಬೇತಿಯ ಮೇಲಧಿಕಾರಿಗಳಾಗಿದ್ದ ರಾಯರು ನನ್ನನ್ನು ಕರೆಸಿದರು. "ಇನ್ನೊಂದು ಸಲ ಹೀಗಾದರೆ ತರಗತಿ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸುತ್ತೇನೆ. ಬೇಕಾದರೆ ಬೇರೆ ಪುಸ್ತಕ ಆರಿಸಿ. ಮುಂದಿನ ವಾರ ಬಂದಾಗ ಹೆಸರು ಹೇಳಿ, ತರಿಸೋಣ" ಎಂದರು.

ಮೈಸೂರಿನ ಪರಿಚಯದ ಪುಸ್ತಕದಂಗಡಿಯವರು, ನೋಡಿ ಹಿಂದಿರುಗಿಸುವ ಮಾತಿನ ಮೇಲೆ, ಮೂರು ಪುಸ್ತಕ ಕಳಿಸಿದರು. ಮಳವಳ್ಳಿಯಲ್ಲಿ ಬಿಚ್ಚಿ ನೋಡಲು ಪುರಸೊತ್ತಾಗಲಿಲ್ಲ. ಮಂಡ್ಯಕ್ಕೆ ಹೊರಡುವ ದಿನ ಮೂರನ್ನೂ ಚೀಲಕ್ಕೆ ಹಾಕಿಕೊಂಡೆ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಮದ್ದೂರಿನವರೆಗೆ ಅಂಥದೊಂದರಲ್ಲಿ ಬಂದು, ಸ್ಟೇಷನ್ನಿನ ಬೆಂಚಿನ ಮೇಲೆ ಮಂಡ್ಯದ ರೈಲಿಗೆ ಕಾಯುತ್ತ ಕೂತೆ. ಕೈಯಲ್ಲಿ ಬಿಸಿ ವಡೆ, ಮಡಿಲಲ್ಲಿ ಪುಸ್ತಕ.

ಮೊದಲನೆಯ ಪುಸ್ತಕ ಮೊದಲ ಪುಟದಲ್ಲೇ ಸೂತ್ರವೊಂದನ್ನು ಉದ್ದಕ್ಕೆ ಮಲಗಿಸಿ, 'ಇದು ಸ್ಪಷ್ಟವಾಗಿಯೇ ಇದೆ' ಎಂದಿತು. ನನಗೆ ಸ್ಪಷ್ಟವಾಗಲಿಲ್ಲ. ಎರಡನೆಯದು ಸಂಖ್ಯಾಶಾಸ್ತ್ರವೆಂದರೇನು ಎಂದು ಒಬ್ಬೊಬ್ಬ ಪಂಡಿತನ ಅಭಿಪ್ರಾಯವನ್ನೂ ಸಾಲಾಗಿ ಕೊಟ್ಟು, ಕೊನೆಗೆ ಯಾವುದೂ ಸಾಲದು ಎಂದು ಹೊಸದೊಂದನ್ನು ಸೇರಿಸಿತ್ತು. ಮೂರನೆಯದು ತೆಳ್ಳಗಿತ್ತು. ಪರದೇಶದ ಯಾವುದೋ ಶಾಲೆಯ ಮೇಷ್ಟರು ಸರಳ ಇಂಗ್ಲಿಷಿನಲ್ಲಿ ಬರೆದದ್ದು. ಅದು ಒಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು. ಅಂಗಡಿಗೆ ಒಂದು ಮೂಟೆ ಬಟಾಣಿ ಮಾರಾಟಕ್ಕೆ ಬಂದಿದೆ. ಪೂರ್ತಿ ಸುರಿದು ನೋಡಲು ಹೊತ್ತಿಲ್ಲ. ಅಂಗಡಿಯವನು ಕೈಹಾಕಿ ಒಂದು ಹಿಡಿ ತೆಗೆಯುತ್ತಾನೆ. ಆ ಒಂದು ಹಿಡಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ ಮುಂದಿನ ಪುಟದಲ್ಲಿರಬಹುದೆಂದು ಹಾಳೆ ತಿರುವಿದೆ. ಉತ್ತರವಿಲ್ಲ! ಮಾರುವವನೇ ಅಲ್ಲಿ ಪ್ರತ್ಯಕ್ಷನಾಗಿದ್ದಾನೆ, ಅವನ ಮುಖದಲ್ಲೊಂದು ನಗು. ಮೂಟೆಯ ಮೇಲ್ಭಾಗಕ್ಕೆ ಅವನು ಏನು ತುಂಬಿದ್ದಾನೆ? ನಾನು ಇನ್ನೊಂದು ಹಾಳೆ ತಿರುವಿದೆ. ಮತ್ತೊಂದು. ಮೇಷ್ಟರು ನನ್ನ ಕೈಹಿಡಿದು ಮೂಟೆಯಿಂದ ಹೊಲಕ್ಕೆ, ಹೊಲದಿಂದ ಊರಿಗೆ ನಡೆಸಿಕೊಂಡು ಹೊರಟರು.

"ಸ್ವಾಮೇರಾ, ನೀವು ಮಂಡ್ಯಕ್ಕಲ್ವಾ ಓಗಬೇಕಾಗಿದ್ದು?" ಎಂದು ಯಾರೋ ಕೇಳಿದರು. ತಲೆಯೆತ್ತಿದೆ. ನನ್ನನ್ನು ವಾರವಾರ ನೋಡುತ್ತಿದ್ದ ಸ್ಟೇಷನ್ನಿನ ಪೋರ್ಟರು.

"ಹೌದಪ್ಪ, ರೈಲು ಬಂತೇ?"

"ಬಂತು, ನಿಂತ್ಕಂತು, ಓಯ್ತು. ನಿಮ್ ಮುಂದ್ಗಡೇನೇ ಓಯ್ತಲ್ಲ ಸ್ವಾಮಿ!"

ಹಳಿಗಳು ಖಾಲಿ ಬಿದ್ದಿದ್ದವು. ವಡೆ ಆರಿ ತಣ್ಣಗಾಗಿತ್ತು. ನಾನು ಎದ್ದು ನಿಂತು ನಗತೊಡಗಿದೆ. ಆ ಪೋರ್ಟರು ನನ್ನ ಬಗ್ಗೆ ಏನೆಂದುಕೊಂಡನೋ! ನನ್ನ ಆಯುಷ್ಯದಲ್ಲಿ ಪಠ್ಯಪುಸ್ತಕವೊಂದು ನನ್ನನ್ನು ಎಚ್ಚರವಾಗಿಟ್ಟು ರೈಲು ತಪ್ಪಿಸಿದ್ದು ಅದೇ ಮೊದಲು.

ಮುಂದಿನ ರೈಲಿನಲ್ಲಿ ಮಂಡ್ಯ ತಲುಪಿದಾಗ ರಾಯರು ಕಚೇರಿ ಮುಚ್ಚುವ ಹವಣಿಕೆಯಲ್ಲಿದ್ದರು. ತಡವಾದ ಕಾರಣ ಹೇಳಿದೆ. ಅವರು ತೆಳ್ಳನೆಯ ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. "ರೈಲು ತಪ್ಪಿಸಿಕೊಂಡವರ ಮಾತು ಕೇಳಿ ತರಬೇತಿ ನಡೆಸೋದೇನ್ರೀ? ಇದು ಮಕ್ಕಳ ಕಥೆ ಇದ್ದ ಹಾಗಿದೆ. ಆಗಲಿ, ನಿಮ್ಮ ಇಷ್ಟ. ಎಲ್ಲರೂ ನಪಾಸಾದರೆ ಹೊಣೆ ನಿಮ್ಮದು" ಎಂದರು. ನನ್ನದು ಎಂದೆ.

ಇನ್ನು ಗೆದ್ದಂತೆಯೇ ಎಂದುಕೊಂಡು ಪುಸ್ತಕಗಳು ಬಂದ ದಿನ ತರಗತಿಯಲ್ಲಿ ಹಂಚಿದೆ. ಯಾರ ಮುಖವೂ ಅರಳಲಿಲ್ಲ. ಬೋರೇಗೌಡ ಪುಸ್ತಕವನ್ನು ಹಿಂದುಮುಂದು ತಿರುಗಿಸಿದ.

"ಇದ್ಯಾಕೋ ಸಣ್ದಾಯ್ತು ಸಾ. ಆ ಕೆಂಪುದ್ನೇ ಕೊಡ್ಸಿ."

"ಅದನ್ನು ತೆಗೆದರೆ ಕಣ್ಣು ಮುಚ್ಚುತ್ತದೆ ಎಂದವನು ನೀನೇ ಅಲ್ಲವೇನಯ್ಯ?"

"ಮುಚ್ಕಂಡ್ರೆ ಮುಚ್ಕಳ್ಳಿ ಬುಡಿ. ಅದ್ನ ಇಡ್ಕಂಡು ಊರಿಗ್ ಓದ್ರೆ ಒಂದ್ ಮರ್ಯಾದೆ ಇರ್ತದೆ. ಇದ್ನ ಇಡ್ಕಂಡೋದ್ರೆ ನಮ್ಮಪ್ಪ ಒಂದ್ನೇ ಕ್ಲಾಸಿಗೆ ಇಳುಸ್ಬುಟ್ರೇನ್ಲಾ ಅಂತಾನೆ."

ತರಗತಿಯೆಲ್ಲ ತಲೆದೂಗಿತು. ದಪ್ಪ ಪುಸ್ತಕದ ಮೇಲಿನ ಭಕ್ತಿ ನನಗೂ ಹೊಸದಲ್ಲ. ವಾದ ಮಾಡುವ ಬದಲು ಪುಸ್ತಕ ಮುಚ್ಚಿಸಿ, ಬಟಾಣಿಯ ಜಾಗದಲ್ಲಿ ರಾಗಿ ಇಟ್ಟು ಮೊದಲ ಪುಟದ ಪ್ರಶ್ನೆಯನ್ನು ಕೇಳಿದೆ. ಒಂದು ಹಿಡಿ ಸಾಕೇ?

"ಎಲ್ಲಾರ ಉಂಟಾ?" ಎಂದ ಬೋರೇಗೌಡ. "ಮ್ಯಾಲೆ ಒಳ್ಳೆ ಕಾಳು ಆಕಿರ್ತಾರೆ ಸಾ. ತಳಕ್ಕೆ ಕೈ ಆಕ್ಬೇಕು."

"ತಳದಲ್ಲಿ ಬರೀ ದೂಳಿರ್ತದೆ ಕಣ್ಲಾ," ಎಂದು ಸೋಮನಹಳ್ಳಿಯ ಚಿಕ್ಕಣ್ಣ ಎದ್ದ. "ತಳದ್ದೊಂದೇ ನೋಡುದ್ರೆ ಮಾರಾಕ್ ಬಂದೋನ್ಗೆ ಮೋಸ ಆಗಾಕಿಲ್ವಾ?"

"ಮಾರೋನ್ ಕಡೆ ವಕೀಲನೇನ್ಲಾ ನೀನು?"

ಮೇಲೆ, ತಳ, ನಡು, ಮೂಲೆ ಎಂದು ಒಬ್ಬೊಬ್ಬರೂ ಎದ್ದು ನಿಂತು ಕೂಗಾಡತೊಡಗಿದರು. ಗದ್ದಲ ಕೇಳಿ ರಾಯರು ಬಾಗಿಲಿಗೆ ಬಂದು ಇಣುಕಿದರು. ನಾನು ಸುಮ್ಮನೆ ಕುರ್ಚಿಯ ಮೇಲೆ ಕೂತಿದ್ದೆ. ಕೊನೆಗೆ ಬೋರೇಗೌಡ ನನ್ನತ್ತ ತಿರುಗಿ, "ಆ ಪುಸ್ತಕ್ದೋನು ಏನಂತಾನೆ ಸಾ?" ಎಂದ. ನನಗೂ ಸ್ವಲ್ಪ ತುಂಟತನ ಬಂತು. ಓದಿ ನೋಡಿ ಎಂದು ಮನೆಗೆ ಕಳಿಸಿಬಿಟ್ಟೆ.

ಮುಂದಿನ ವಾರ ಹೋದಾಗ ಅವರು ನನಗಿಂತ ಎರಡು ಅಧ್ಯಾಯ ಮುಂದಿದ್ದರು. ಪುಸ್ತಕದ ಮೇಷ್ಟರೊಂದಿಗೆ ಜಗಳಕ್ಕೂ ಬಿದ್ದಿದ್ದರು. ಅವರ ದೇಶದ ಗದ್ದೆಗಳು ಚೌಕವಾಗಿರಬಹುದು, ನಮ್ಮವು ಸೊಟ್ಟಪಟ್ಟ, ಅದಕ್ಕೇನು ಮಾಡುವುದು ಎಂಬ ತಕರಾರು. ಆ ತಕರಾರಿಗೆ ಉತ್ತರ ಹುಡುಕುವಷ್ಟರಲ್ಲಿ ನಾನೂ ಆ ಶಾಸ್ತ್ರವನ್ನು ಮೊದಲ ಬಾರಿಗೆ ಕಲಿತೆ.

ಪರೀಕ್ಷೆಗೆ ಬೆಂಗಳೂರಿನಿಂದ ಹಿರಿಯರೊಬ್ಬರು ಬಂದರು. ಬರವಣಿಗೆಯ ಜೊತೆಗೆ ಬಾಯಿಮಾತಿನ ಪರೀಕ್ಷೆಯೂ ಇತ್ತು. ಬೋರೇಗೌಡನ ಸರದಿ ಬಂದಾಗ ನಾನು ಗೋಡೆಯ ಪಕ್ಕ ನಿಂತಿದ್ದೆ. ರಾಯರು ನನ್ನ ಪಕ್ಕದಲ್ಲೇ ಕೂತಿದ್ದರು.

"ಒಂದು ಊರಿನ ಬೆಳೆ ಅಂದಾಜು ಮಾಡಬೇಕು. ಯಾವ ಗದ್ದೆಯನ್ನು ಆರಿಸುತ್ತೀಯ?" ಎಂದರು ಪರೀಕ್ಷಕರು.

"ನಾನು ಆರುಸಾಕಿಲ್ಲ ಸಾ."

ರಾಯರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

"ಆರಿಸುವುದಿಲ್ಲವೆ? ಯಾಕೆ?"

"ನಾನು ಆರುಸುದ್ರೆ ರಸ್ತೆ ಪಕ್ಕದ್ನೇ ಆರುಸ್ಬುಡ್ತೀನಿ ಸಾ, ನಡಿಯೋದು ತಪ್ತದಲ್ಲ ಅಂತ. ಇಲ್ಲಾ ನಮ್ ನೆಂಟರ ಗದ್ದೆ ಆರುಸ್ಬುಡ್ತೀನಿ. ಅದ್ಕೇ ಚೀಟಿ ಎತ್ತಬೇಕು."

"ಚೀಟಿಯಲ್ಲಿ ಕೆರೆಯಾಚೆ, ಕೆಸರು ದಾಟಿ ಹೋಗಬೇಕಾದ ಗದ್ದೆ ಬಂದರೆ?"

"ನಡೀಬೇಕು. ಇನ್ನೇನು ಮಾಡಾದು?"

ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮನಸಾರೆ ನಕ್ಕರು. "ಸರಿಯಪ್ಪ, ನೀನು ಹೋಗು" ಎಂದವರು, ರಾಯರ ಕಡೆ ತಿರುಗಿ, "ಇವರಿಗೆ ಯಾವ ಪುಸ್ತಕ ಇಟ್ಟಿದ್ದಿರಿ?" ಎಂದು ಕೇಳಿದರು. ರಾಯರು ಆ ತೆಳ್ಳನೆಯ ಪುಸ್ತಕವನ್ನು ಈ ಸಲ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

ಎಲ್ಲರೂ ಪಾಸಾದರು. ಒಬ್ಬನೂ ಉಳಿಯಲಿಲ್ಲ. ಆ ದಿನ ಮಂಡ್ಯದ ಬೀದಿಯಲ್ಲಿ ನಾನು ನಡೆದ ನಡಿಗೆಯನ್ನು ನೀವು ನೋಡಬೇಕಿತ್ತು. ದಸರಾ ಅಂಬಾರಿಯ ಆನೆಗೂ ಅಷ್ಟು ಗಾಂಭೀರ್ಯವಿರಲಿಕ್ಕಿಲ್ಲ.

ಕೆಲಸದ ಆರ್ಡರು ಕೈಗೆ ಬಂದ ಮೇಲೆ ಒಂದು ಬೆಳಿಗ್ಗೆ ಬೋರೇಗೌಡ ಕಿರುಗಾವಲಿನಿಂದ ಮಳವಳ್ಳಿಯ ನಮ್ಮ ಮನೆಗೆ ಬಂದ. ಶಾರದೆ ಕಾಫಿ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ. ಏಳಲಿಲ್ಲ. ಏನೋ ಕೇಳಬೇಕು, ಸಂಕೋಚ.

"ಏನಪ್ಪ?" ಎಂದೆ.

"ಆ ಪುಸ್ತಕಕ್ಕೆ ಎರಡ್ನೇ ಭಾಗ ಐತಾ ಸಾ?"

ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕ ಕೇಳಿಕೊಂಡು ಬಂದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೂ ಅಂಗಡಿಯವರನ್ನು ವಿಚಾರಿಸಿದ್ದೆ. ಆ ಮೇಷ್ಟರು ಬರೆದದ್ದು ಅಷ್ಟೇ, ಮುಂದಿನದು ಇಲ್ಲ ಎಂದು ಹೇಳಿದೆ.

ಬೋರೇಗೌಡನಿಗೆ ನಿಜವಾಗಿಯೂ ಸಿಟ್ಟು ಬಂತು. "ಎಂಥ ಮೇಷ್ಟ್ರು ಸಾ ಅವ್ನು! ಇಷ್ಟು ದೂರ ಕರ್ಕಬಂದು ನಡು ದಾರೀಲಿ ಬುಟ್ಟೋಗದಾ?" ಎಂದು ಬೈದುಕೊಂಡೇ ಬಸ್ಸಿಗೆ ಹೊರಟ.

ಮೇಷ್ಟರಾದವರಿಗೆ ಇದಕ್ಕಿಂತ ದೊಡ್ಡ ಬಹುಮಾನ ಇನ್ನೊಂದಿಲ್ಲ. ಈ ಬೈಗುಳ ನ್ಯಾಯವಾಗಿ ಅದನ್ನು ಬರೆದವರಿಗೆ ಸಲ್ಲಬೇಕಾದದ್ದು. ಅವರ ವಿಳಾಸ ತಿಳಿಯದ ಕಾರಣ ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ.